ಆ ಅಳತಿ ಜಂಪರ್ ಕೊಡಬ್ಯಾಡ

ಉಟ್ರೆಕ್ಟ್, ನೆದರ್ಲ್ಯಾಂಡ್ಸ್
ಶನಿವಾರ ರಾತ್ರಿ

ಅವ್ವಗ ಶಿರಸಾಷ್ಟಾಂಗ ನಮಸ್ಕಾರ.

ನಾವು ಮೂರೂ ಮಂದಿ ಆರಾಮ ಅದೀವಿ. ಅಪ್ಪನ ಮೊಣಕಾಲು ಹೆಂಗೈತಿ, ಕುಣಿ ಮಗ್ಗಕ್ಕ ಇಳಿಯೂದು ಬಿಟ್ಟಾನೋ ಇಲ್ಲೋ ತಿಳಸು. ಬಿಟ್ಟೀನಿ ಅಂತ ಫೋನಿನ್ಯಾಗ ಹೇಳತಾನ, ಹಿಂದ ಮಗ್ಗದ ಸಪ್ಪಳ ಕೇಳತೈತಿ.

ನೀ ನಿನ್ನೆ ಕೇಳಿದ್ದಕ್ಕ ಉತ್ತರ ಕೊಡಾಕ ಆಗಲಿಲ್ಲ. ನನ್ನ ಬಾಜೂಕ ಇವರು ಕುಂತಿದ್ರು, ನಿನ್ನ ಬಾಜೂಕ ಅರ್ಧ ಓಣಿ ಕುಂತಿತ್ತು. "ತಮ್ಮನ ಮದವಿಗೆ ಜಂಪರ್ ಹೊಲಿಯಾಕ ಹಾಕತೀನಿ, ನಿನ್ನ ಅಳತಿ ಜಂಪರ್ ಟ್ರಂಕಿನ್ಯಾಗ ಐತಿ, ಅದನ್ನ ಕೊಡ್ಲ್ಯಾ?" ಅಂದಿ. ಕೊಡಬ್ಯಾಡ ಅವ್ವಾ. ಅದು ಈಗ ನನ್ನ ತೋಳಿಗೇ ಏರಂಗಿಲ್ಲ.

ಇವತ್ತ ಟೇಪು ಹಿಡಿದು ಹೊಸಾ ಅಳತಿ ತಗೊಂಡೀನಿ. ಎದಿ ಮೊದಲು 34 ಇತ್ತು, ಈಗ 38. ಕೂಸಿಗೆ ಕುಡಿಸೂ ಮುಂಚೆ ಒಂದು ಅಳತಿ, ಕುಡಿಸಿದ ಮ್ಯಾಲ ಇನ್ನೊಂದು, ಅದಕ್ಕ ದೊಡ್ಡದನ್ನ ಬರದೀನಿ. ಎದಿ ಕೆಳಗ 32, ಸೊಂಟ 36, ರಟ್ಟಿ 13. ಬಸುರಿದ್ದಾಗ ಪಕ್ಕೆಲುಬಿನ ಗೂಡು ಅಗಲ ಆಗತೈತಿ, ಅದು ಸಾವಕಾಶ ಒಳಗ ಸರೀತೈತಿ, ಕೆಲವರಿಗೆ ಪೂರಾ ಸರಿಯೂದಿಲ್ಲ. ಕಾಲೂ ಅರ್ಧ ನಂಬರ್ ಬೆಳದಾವ. ಹೋದ ವರ್ಷದ ಬೂಟು ಹಾಕ್ಕೊಳ್ಳಾಕ ಹೋಗಿ ಹೆಬ್ಬೆರಳು ಸಿಗಿಸ್ಕೊಂಡು ಅತ್ತೀನಿ. ನಗಬ್ಯಾಡ.

ಆವತ್ತ ವೀಡಿಯೋದಾಗ ನಮ್ಮ ಪೈಕಿ ಒಬ್ಬಾಕಿ ನನ್ನ ಹೊಟ್ಟಿ ನೋಡಿ "ಮತ್ತೇನರ ವಿಶೇಷ ಐತೇನ?" ಅಂತ ಕೇಳಿದ್ಲಲ್ಲ. ಐದು ತಿಂಗಳ ಕೂಸು ತೊಡಿಮ್ಯಾಲ ಐತಿ, ಇನ್ಯಾವ ವಿಶೇಷ? ನೀ ಮಾತು ಹಾರಿಸಿ ಮೆಣಸಿನಕಾಯಿ ರೇಟು ತಗದಿ, ನಂಗ ಗೊತ್ತಾತು. ಆ ರಾತ್ರಿ ಕಪಾಟಿನ್ಯಾಗಿನ ಅರಿವಿ ಎಲ್ಲಾ ಹೊರಗ ಹಾಕಿ, ಹಾಕ್ಕೊಂಡು, ತಗದು, ಮತ್ತ ಹಾಕ್ಕೊಂಡು ಒಂದು ಗಂಟಿ ಕಳದೆ.

ಚಿಗವ್ವ ಹೇಳತಾಳ, ಹೊಟ್ಟಿ ಕಟ್ಟಲಿಲ್ಲ ಅದಕ್ಕ ಹಿಂಗಾತು ಅಂತ. ಆಕಿಗೆ ನೀನ ಸಮಜಾಯಿಸಿ ಹೇಳು. ಇಲ್ಲೆ ಹೆರಿಗಿ ಆದ ಮೊದಲ 8 ದಿನದಾಗ ಒಬ್ಬಾಕಿ ಬಾಣಂತನದಾಕಿ ಮನಿಗೇ ಬರತಾಳ, ಅದು ವಿಮಾದಾಗ ಬರತೈತಿ. ಕೂಸಿಗೆ ಎರೀತಾಳ, ಮ್ಯಾಲ ಮನಿ ಕಸಾನೂ ಹೊಡೀತಾಳ. ನಿನ್ನ ಅಂಟಿನುಂಡಿ ಬದಲಿ ಇಲ್ಲೆ ಟೋಸ್ಟಿಗೆ ಬೆಣ್ಣಿ ಹಚ್ಚಿ, ಬಡೇಸೋಪಿನಂಥಾ ಕಾಳಿಗೆ ಸಕ್ರಿ ಹಚ್ಚಿದ್ದು ಉದುರಿಸಿ ಕೊಡತಾರ. ಹೆಣ್ಣಾದ್ರ ಗುಲಾಬಿ ಬಣ್ಣದ್ದು. ಅದರ ಹೆಸರು 'ಸಣ್ಣ ಇಲಿ' ಅಂತ! ಆ ಬಾಣಂತನದಾಕಿನೇ ಹೇಳಿದ್ದು: ಸಿಜೇರಿಯನ್ ಆದಾಕಿ ಡಾಕ್ಟರ್‌ನ ಕೇಳದ ಬಿಗಿಯಾಗಿ ಕಟ್ಟಬಾರದು. ಗರ್ಭಚೀಲ ತಂತಾನ ಸಣ್ಣ ಆಗಾಕ ಸುಮಾರು 6 ವಾರ ಬೇಕು, ಅದಕ್ಕ ಯಾರ ಕಟ್ಟೂ ಬ್ಯಾಡ. ಹೊಟ್ಟಿ ನಡುವಿನ ಸ್ನಾಯು ಎರಡೂ ಕಡೆ ಸರಿದು ಸಂದಿ ಬಿದ್ದಿರತೈತಿ, ನನಗ ಎರಡು ಬೆರಳಿನಷ್ಟು ಐತಿ. ಅರಿವಿ ಕಟ್ಟಿದ್ರ ಬೆನ್ನಿಗೆ ಆಸರ ಆಗತೈತಿ, ಅದು ಖರೆ. ಸಂದಿ ಕೂಡಾಕ ವ್ಯಾಯಾಮ ಮಾಡಬೇಕು. ಮಾಡಾಕತ್ತೀನಿ, ದಿನಾ ಅಲ್ಲ.

ಆಫೀಸಿನ ಕಥಿ ಕೇಳು. ಇಲ್ಲೆ ಒಟ್ಟು 16 ವಾರ ರಜಾ. ನಾ 5 ವಾರ ಮೊದಲ ತಗೊಂಡೆ, ಕೂಸು ಹುಟ್ಟಿದ ಮ್ಯಾಲ 11 ಉಳೀತು. ರಜಾ ಮುಗಿದ ಮೊದಲ ದಿನ ಚಂದ ಕಾಣಬೇಕು ಅಂತ ನೀಲಿ ಡ್ರೆಸ್ ಹಾಕ್ಕೊಂಡು ಹೋದೆ, ಬೆನ್ನಿಗೆ ಜಿಪ್ ಇದ್ದದ್ದು. ಕೂಸಿಗೆ 9 ತಿಂಗಳಾಗೂ ತನಕ ಕೆಲಸದ ಹೊತ್ತಿನ್ಯಾಗ ಕಾಲುಭಾಗದ ಮಟ್ಟಿಗೆ ಹಾಲು ತಗಿಯಾಕ, ಕುಡಿಸಾಕ ಕಾನೂನು ಬಿಡುವು ಕೊಡತೈತಿ, ಅದಕ್ಕ ಬ್ಯಾರೆ ಖೋಲಿನೂ ಐತಿ. ಆ ಖೋಲಿಯೊಳಗ ಹೋಗಿ ನೋಡತೀನಿ, ಜಿಪ್ ತಗದ್ರ ಪೂರಾ ಡ್ರೆಸ್ಸೇ ಇಳೀಬೇಕು! ಥಂಡಿಯೊಳಗ, ಅರ್ಧ ಮೈ ಮ್ಯಾಲ ಕೋಟು ಹೊದ್ದುಕೊಂಡು, ಮಷಿನ್ ಹಿಡಕೊಂಡು ಕುಂತೀನಿ, ಹೊರಗ ಯಾರೋ ಬಾಗಿಲಾ ಬಡಿಯಾಕತ್ತಾರ. ಅವತ್ತಿಂದ ಮುಂದ ಗುಂಡಿ ಇಲ್ಲದ್ದು ಮುಟ್ಟಿಲ್ಲ.

ಆಮ್ಯಾಲ ಬಾಣಂತ್ಯಾರ ಅರಿವಿ ಮಾರೂ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿದ್ದಾಕಿ ಒಂದು ಡ್ರೆಸ್ ತಂದು ತೋರಿಸಿದ್ಲು: ಎದಿ ಮ್ಯಾಲ ಒಂದು ಪಾಟು ಇನ್ನೊಂದರ ಮ್ಯಾಲ ಬಂದು, ಎದಿ ಕೆಳಗ ಗಂಟು ಬರತೈತಿ. ಕೂಸಿಗೆ ಕುಡಿಸಾಕ ಸರಳ, ಮೈ ಇಳಿದ್ರ ಬಿಗಿ ಮಾಡು, ಏರಿದ್ರ ಸಡ್ಲ ಮಾಡು. ಹೊಸಾ ಶೋಧ ಅನ್ನೂಹಂಗ ಹೇಳಿದ್ಲು. ನನಗ ಆಯಿಯ ಖಣದ ಕುಬಸ ಕಣ್ಣ ಮುಂದ ಬಂತು. ಹುಕ್ಕಿಲ್ಲ, ಗುಂಡಿಲ್ಲ, ಮುಂದ ಗಂಟು. ಏಳು ಮಕ್ಕಳನ್ನ ಹಡದ್ಲು, ಒಮ್ಮೆರ ಅಳತಿ ಬದಲ ಮಾಡಿಸಿದ್ಲೇನು? ಡ್ರೆಸ್ಸಿನ ರೇಟು ನೋಡಿ ಅಲ್ಲೇ ಇಟ್ಟು ಬಂದೆ. ಆದ್ರ ಕನ್ನಡಿಯೊಳಗ ಒಂದು ಮಾತು ತಿಳೀತು. ಈಗ ನನ್ನ ಮೈಯೊಳಗ ಸಣ್ಣ ಇರೂ ಜಾಗಾ ಸೊಂಟ ಅಲ್ಲ, ಎದಿ ಕೆಳಗಿನ ಎರಡು ಬೆರಳು. ಅಲ್ಲೆ ಹಿಡಿದು ಕೆಳಗ ಸಡ್ಲ ಬಿಟ್ರ ಹೊಟ್ಟಿ ಕಾಣಂಗಿಲ್ಲ. ಸೊಂಟಕ್ಕ ಬೆಲ್ಟು ಕಟ್ಟಿದ್ರ ಮ್ಯಾಲೊಂದು ಗುಡ್ಡ, ಕೆಳಗೊಂದು ಗುಡ್ಡ. ಹಂಗಂತ ಚೀಲದಂಥಾದ್ದು ಹಾಕ್ಕೊಂಡ್ರ ಎದಿಯಿಂದ ನೆಟ್ಟಗ ತಂಬು ಇಳಿಬಿಟ್ಟಂಗ ಕಾಣತೈತಿ. ಮೂರು ತಿಂಗಳು ಚೀಲದಾಗೇ ಇದ್ದೆ, ಇವರು ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

ಈಗ ಟೇಲರ್‌ಗ ಹೇಳೂ ಮಾತು. ಜಂಪರಿಗೆ ಹುಕ್ಕು ಮುಂದ ಇರಲಿ. ಬೆನ್ನಿಗೆ ಲಾಡಿ, ಗೊಂಡೆ ಬ್ಯಾಡ, ಕೂಸು ಎಳದು ಬಾಯಾಗ ಹಾಕ್ಕೊಳ್ಳತೈತಿ. ಎದಿಗೆ ಬಟ್ಟಲದಂಗ ಬ್ಯಾರೆ ತುಂಡು ಕೂಡಿಸೂ ಕಟೋರಿ ಕಟ್ ಬ್ಯಾಡ. ಅದು ಇವತ್ತಿನ ಎದಿಗೆ ಕುಂತರೂ ಮದವಿ ಹೊತ್ತಿಗೆ ಕೂಸು ಊಟ ಶುರು ಮಾಡಿರತೈತಿ, ಹಾಲು ಕಡಿಮಿ ಆದ್ರ ಅಲ್ಲೆ ಅರಿವಿ ಜೋತು ಬೀಳತೈತಿ. ಅರಿವಿ ಮಡಚಿ ಹೊಲಿಯೂ ಸಾದಾ ಟಕ್ಸ್ ಹಾಕಿ ಹೊಲೀಲಿ. ಕೊಳ್ಳು ಮುಚ್ಚಿದ್ದು ಬ್ಯಾಡ, ಮುಂದ ಸ್ವಲ್ಪ ವಿ ಆಕಾರ ಇರಲಿ. ಎದಿ ತುಂಬಿದಾಗ ಮುಚ್ಚಿದ ಕೊಳ್ಳಿನ್ಯಾಗ ಕುತಿಗಿನೇ ಇಲ್ಲದಂಗ ಕಾಣತೀನಿ. ತೋಳು ಮೊಳಕೈಗಿಂತ ಒಂದು ಇಂಚು ಮ್ಯಾಲ ನಿಲ್ಲಲಿ. ರಟ್ಟಿಯ ದಪ್ಪ ಜಾಗಾದಾಗೇ ತೋಳು ಮುಗಿದ್ರ ಮಂದಿ ಕಣ್ಣು ಅಲ್ಲೇ ನಿಲ್ಲತೈತಿ. ಬಗಲಾಗ ಬಿಗಿ ಮಾಡಬ್ಯಾಡ ಅನ್ನು. ಅಲ್ಲೆ ಒತ್ತಿದ್ರ ಹಾಲು ಗಡ್ಡಿ ಕಟ್ಟತೈತಿ, ಒಮ್ಮೆ ಆಗಿ ಜ್ವರ ಬಂದಿತ್ತು, ನಿಂಗ ಹೇಳಿರಲಿಲ್ಲ. ಎಲ್ಲಾಕ್ಕಿಂತ ದೊಡ್ಡ ಮಾತು, ಎರಡೂ ಬಗಲಾಗ ಒಳಗ ಎರಡೆರಡು ಇಂಚು ಅರಿವಿ ಬಿಡಲಿ. ಹೋದ ಸಲ "ಬಿಟ್ಟೀನಿ" ಅಂದು ಕತ್ತರಿಸಿ ಒಗದಿದ್ದಾ. ನೀ ಹೊಲಿಗಿ ತಿರುವಿ ನೋಡಿ ರೊಕ್ಕಾ ಕೊಡು.

ಸೀರಿ ಒಳಗ ಹಾಕೂ ಪರಕಾರಕ್ಕ ಲಾಡಿ ಬ್ಯಾಡ, ಗಂಟು ಅಗದಿ ಸಿಜೇರಿಯನ್ ಹೊಲಿಗಿ ಮ್ಯಾಲ ಬರತೈತಿ. ಮೂರು ಇಂಚು ಅಗಲ ಪಟ್ಟಿ ಹಾಕಿ ಬಾಜೂಕ ಹುಕ್ಕು ಹಚ್ಚಲಿ. ತಮ್ಮನ ಆಗೂ ಹೆಂಡ್ತಿ ಹೇಳಿದ ಮೀನಿನ ಬಾಲದಂಥಾ ಬಿಗಿ ಪರಕಾರ ಆಕಿನೇ ಹಾಕ್ಕೊಳ್ಳಲಿ. ಅದನ್ನ ಹಾಕ್ಕೊಂಡು ಕೂಸು ಎತ್ಕೊಂಡು ಮಂಟಪದ ಮೆಟ್ಟಲ ನಾ ಹತ್ತಲಾರೆ.

ಸೀರಿ ಮಾತ್ರ ಹೊಸಾದು ತರಾಕ ಹುಬ್ಬಳ್ಳಿ ಜವಳಿ ಸಾಲಿಗೆ ಹೋಗಬ್ಯಾಡ. ಜಾರ್ಜೆಟ್ ಅಂತೂ ಮುಟ್ಟಬ್ಯಾಡ, ಅದು ಮೈಗೆ ಅಂಟಿ ಇದ್ದದ್ದು ಇಲ್ಲದ್ದು ಎಲ್ಲಾ ಸಾರತೈತಿ. ಅಪ್ಪ ನೇಯ್ದ ದಾಳಿಂಬರ ಬಣ್ಣದ ಇಳಕಲ್ಲ ಸೀರಿ ಐತೆಲ್ಲ, ತೋಪ ತೆನಿ ಸೆರಗಿಂದು, ಅದನ್ನ ಗಂಜಿ ಹಾಕದ ಇಸ್ತ್ರಿ ಮಾಡಿಸಿಡು. ಗಂಜಿ ಹಾಕಿದ್ರ ಉಬ್ಬಿ ನಿಲ್ಲತೈತಿ. ಸಣ್ಣ ನೆರಿಗಿ ಹಿಡಿದು ಹೊಕ್ಕಳದ ಕೆಳಗ ಅಲ್ಲ, ಸ್ವಲ್ಪ ಎಡಕ್ಕ ಸಿಗಿಸ್ತೀನಿ. ಎಲ್ಲಾ ನೆರಿಗಿ ನಡುವ ಕೂಡಿಸಿದ್ರ ಹೊಟ್ಟಿಗೆ ಇನ್ನೊಂದು ಹೊಟ್ಟಿ ಕಟ್ಟಿದಂಗ. ಆ ಸೆರಗು ಭಾರ ಐತಿ, ನೆಟ್ಟಗ ಕೆಳಗ ಇಳೀತೈತಿ, ಕೂಸಿಗೆ ಕುಡಿಸಾಕ ಮರಿನೂ ಆಗತೈತಿ. ಯಾರೋ ಅದನ್ನ ಕತ್ತರಿಸಿ ಗೌನ್ ಹೊಲಿಸು ಅಂದ್ರಂತಲ್ಲ, ಆ ಸೀರಿಗೆ ಕತ್ರಿ ತಾಗಿದ್ರ ನಾ ಮದವಿಗೇ ಬರಂಗಿಲ್ಲ ನೋಡು. ಅದನ್ನ ನಾ ಕಾಲೇಜಿನ್ಯಾಗ ಉಟ್ಟೀನಿ, ಏಳು ತಿಂಗಳ ಬಸುರಿದ್ದಾಗ ಇಲ್ಲೆ ಕನ್ನಡ ಮಂದಿ ಯುಗಾದಿಗೆ ಉಟ್ಟೀನಿ, ಎರಡೂ ಸಲ ಬರೋಬ್ಬರಿ ಕುಂತೈತಿ.

ಇವತ್ತ ಬ್ರೇಡ್‌ಸ್ಟ್ರಾಟ್ ಓಣಿಯ ಅರಿವಿ ಸಂತಿಗೆ ಹೋಗಿದ್ವಿ. ಪ್ರತಿ ಶನಿವಾರ ನಡೀತೈತಿ, 1597ರಿಂದ ನಡಕೊಂಡು ಬಂದದ್ದಂತ. ತಾನಿಗಟ್ಟಲೆ ಅರಿವಿ, ಮೀಟರ್ ಲೆಕ್ಕದಾಗ ಹರಿದು ಕೊಡತಾರ, ಚೌಕಾಸಿಗೆ ಮಾತ್ರ ಯಾರೂ ಬಗ್ಗಂಗಿಲ್ಲ. ಕಡು ನೀಲಿ ಹತ್ತಿ ಅರಿವಿ ಎರಡೂವರಿ ಮೀಟರ್ ತಗೊಂಡೀನಿ. ಇಲ್ಲೆ ಹೊಲಿಗಿ ಕೂಲಿ ಅರಿವಿಗಿಂತ ತುಟ್ಟಿ, ಬರೂವಾಗ ತರತೀನಿ. ಎದಿ ಕೆಳಗ ಜೋಡು ಬರೂಹಂಗ, ಮುಂದ ಹೊಟ್ಟಿ ತನಕ ಗುಂಡಿ ಇರೂಹಂಗ ಒಂದು ಕುರ್ತಾ ಆಗಬೇಕು. ಎರಡೂ ಕಡೆ ಕಿಸೆ ಇರಲಿ.

ಅಪ್ಪಗ ನಮಸ್ಕಾರ, ತಮ್ಮಗ ಆಶೀರ್ವಾದ. ಚಿಗವ್ವಗ ಹೊಟ್ಟಿ ವಿಷಯ ಹೇಳೂದು ಮರೀಬ್ಯಾಡ.

ನಿನ್ನ ಮಗಳು

ತಾ.ಕ.: ಆ ಹಳೇ ಅಳತಿ ಜಂಪರ್ ಒಗೀಬ್ಯಾಡ. ಖಣದ್ದೈತಿ, ಅರಿವಿ ಇನ್ನೂ ಗಟ್ಟಿ ಐತಿ. ಬಿಚ್ಚಿ ಕೂಸಿಗೆ ಒಂದು ಕುಂಚಿಗಿ ಹೊಲಿಸು. ಆಕಿ ತಲಿ ಅಳತಿ 16 ಇಂಚು, ನಾವು ಬರೂದರಾಗ ಸ್ವಲ್ಪ ಬೆಳದಿರತೈತಿ, ಸಡ್ಲ ಇರಲಿ.