ಎಲ್‌ಎಲ್‌ಎಂ ಮುಗಿಯಿತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಹೋದ ವಾರ ರಿಸಲ್ಟ್ ಬಂತು. ಅಂತಾರಾಷ್ಟ್ರೀಯ ವ್ಯಾಪಾರ ಕಾನೂನಿನಲ್ಲಿ ನನ್ನ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಪಾಸಾಗಿದೆ. ಫೋನ್ ಮಾಡಿದವರಿಗೆಲ್ಲ "ಆಮೇಲೆ ಬರೀತೀನಿ" ಅಂದಿದ್ದೆ, ಅದೇ ಇದು. ನಾನು ಅಲ್ಲಿ ಓದುತ್ತಿದ್ದಾಗ ಅಪ್ಪ ಐಸಿಯು ಸೇರಿದ ವಿಷಯ ನಿಮಗೆಲ್ಲ ಗೊತ್ತು, ಆಸ್ಪತ್ರೆಯ ಕತೆ ಪೂರ್ತಿ ಮತ್ತೆ ಬರೆಯುವುದಿಲ್ಲ, ಒಂದು ರಾತ್ರಿಯದ್ದು ಮಾತ್ರ ಬರೀತೀನಿ. ಈಗ ಆರಾಮಾಗಿದ್ದಾರೆ. ಎಡಗೈ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ, ಬಾಯಿ ಮಾತ್ರ ಮೊದಲಿಗಿಂತ ಜೋರಾಗಿದೆ.

ತುಮಕೂರು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದವಳಿಗೆ ಓದಲು ಆಸ್ಟ್ರಿಯಾದ ವಿಯೆನ್ನಾ ಯಾಕೆ ಅಂತ ಕೇಳಿದವರು ಬಹಳ ಜನ. ಕಾರಣ ಮಿಡಿಸೌತೆ, ಅಂದರೆ ಉಪ್ಪಿನಕಾಯಿಗೆ ಹಾಕುವ ಪುಟ್ಟ ಸೌತೆ (ಗರ್ಕಿನ್). 1990ರ ದಶಕದ ಶುರುವಿನಿಂದ ನಮ್ಮ ರಾಜ್ಯದಲ್ಲಿ ಇದನ್ನು ರಫ್ತಿಗೆ ಅಂತಲೇ ಬೆಳೆಯುತ್ತಿದ್ದಾರೆ. ನಮ್ಮ ಊಟಕ್ಕೆ ಅದು ಬರುವುದೇ ಇಲ್ಲ. ಬೀಜ ಮತ್ತು ಬೆಳೆಗೆ ಹೊಡೆಯುವ ಔಷಧ ಮಾಲು ಕೊಳ್ಳುವ ಕಂಪನಿಯದ್ದು, ಹೊಲ ಮತ್ತು ಮೈಮುರಿಯುವ ಕೆಲಸ ಅಪ್ಪನಂಥ ರೈತರದ್ದು. ದಿನಾ ಕೀಳಬೇಕು. ಒಂದು ದಿನ ತಪ್ಪಿದರೂ ಕಾಯಿ ದಪ್ಪ ಆಗುತ್ತದೆ, ದಪ್ಪ ಆದರೆ ರೇಟು ಬೀಳುತ್ತದೆ. ಒಂದು ವರ್ಷ, ಯೂರೋಪಿನ ಗಿರಾಕಿ ಮಾಲು ಬೇಡ ಅಂದಿದ್ದಾನೆ, ಔಷಧದ ಅಂಶ ಜಾಸ್ತಿ ಇತ್ತಂತೆ ಅಂತ ಹೇಳಿ ಕಂಪನಿಯವರು ನಮ್ಮೂರಿನ ಎಲ್ಲರ ದುಡ್ಡು ಮುರಿದುಕೊಂಡರು. ಯಾರ ಹೊಲದ ಮಾಲು, ಎಲ್ಲಿ ಟೆಸ್ಟ್ ಮಾಡಿಸಿದರು, ಒಂದು ಕಾಗದವನ್ನೂ ತೋರಿಸಲಿಲ್ಲ. ನಾನು ಆಗಲೇ ಲಾಯರ್. ಆದರೂ ಏನು ಕೇಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಆ ಸಿಟ್ಟೇ ನನ್ನನ್ನು ಅಲ್ಲಿವರೆಗೆ ಕರೆದುಕೊಂಡು ಹೋಯಿತು.

ಒಂದು ದೇಶದವರು ಇನ್ನೊಂದು ದೇಶದವರಿಗೆ ಸರಕು ಮಾರಿದಾಗ ಅನ್ವಯಿಸುವ ವಿಶ್ವಸಂಸ್ಥೆಯ ಒಪ್ಪಂದ, ಸಿಐಎಸ್‌ಜಿ, 1980ರಲ್ಲಿ ಅಂಗೀಕಾರ ಆಗಿದ್ದು ವಿಯೆನ್ನಾದಲ್ಲೇ. ಜಾರಿಗೆ ಬಂದದ್ದು 1988ರಲ್ಲಿ. 90ಕ್ಕೂ ಹೆಚ್ಚು ದೇಶಗಳು ಸೇರಿವೆ, ಭಾರತ ಇನ್ನೂ ಸೇರಿಲ್ಲ. ಹಾಗಂತ ನಮಗೆ ಸಂಬಂಧ ಇಲ್ಲ ಅಂತಲ್ಲ. ಖರೀದಿ ಕಾಗದದ ಕೊನೆಯಲ್ಲಿ "ಜರ್ಮನಿಯ ಕಾನೂನು ಅನ್ವಯ" ಅಂತ ಒಂದು ಸಾಲು ಇದ್ದು, ಸಿಐಎಸ್‌ಜಿ ಬೇಡ ಅಂತ ಬರೆಯದೇ ಇದ್ದರೆ, ಅದೂ ಜೊತೆಗೇ ಬರುತ್ತದೆ. ಆ ಸಾಲನ್ನು ಓದದೆ ಸಹಿ ಹಾಕುವ ರಫ್ತುದಾರರನ್ನು ನಾನೇ ನೋಡಿದ್ದೇನೆ.

ಒಂದು ವರ್ಷದ ಕೋರ್ಸು ನನಗೆ ಒಂದು ವರ್ಷದಲ್ಲಿ ಮುಗಿಯಲಿಲ್ಲ. ಥೀಸಿಸ್ ಎಳೆಯಿತು, ದುಡ್ಡು ಖಾಲಿಯಾಗುತ್ತಾ ಬಂತು. ಆಗ ಸಿಕ್ಕವರು ಚೇಚಿ, ಮಲಯಾಳಂನಲ್ಲಿ ಅಕ್ಕ ಅಂತ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. 1970ರ ದಶಕದಿಂದಲೂ ಕೇರಳದ ನರ್ಸುಗಳು ವಿಯೆನ್ನಾದ ಆಸ್ಪತ್ರೆಗಳಿಗೆ ಹೋಗಿ ನೆಲೆಸಿದ್ದಾರೆ, ಅವರಲ್ಲಿ ಇವರೂ ಒಬ್ಬರು. ಕಣ್ಣೂರು ಕಡೆಯವರು, ಈಗ ರಿಟೈರ್ ಆಗಿದ್ದಾರೆ. ವಿಯೆನ್ನಾದ ಫ್ಲೋರಿಡ್ಸ್‌ಡಾರ್ಫ್‌ ಬಡಾವಣೆಯಲ್ಲಿ ಅವರ ಮನೆಯ ಒಂದು ರೂಮು ನನಗೆ ಬಾಡಿಗೆಗೆ ಸಿಕ್ಕಿತು. ಮೊದಲು "ಆಂಟಿ" ಅಂದೆ. "ಚೇಚಿ ಅನ್ನು, ಇಲ್ಲಾಂದ್ರೆ ಬಾಡಿಗೆ ಜಾಸ್ತಿ" ಅಂದರು. ಅವರದ್ದು ಮಲಯಾಳಂ, ನನ್ನದು ಕನ್ನಡ, ನಡುನಡುವೆ ಇಂಗ್ಲಿಷ್. ಹೇಗೋ ನಡೆಯುತ್ತಿತ್ತು.

ಆ ರಾತ್ರಿ ಅಕ್ಕನ ಫೋನ್ ಬಂದಾಗ ಅಲ್ಲಿ ಹತ್ತು ಗಂಟೆ, ಇಲ್ಲಿ ಎರಡೂವರೆ. ಅಪ್ಪನನ್ನು ಬೆಂಗಳೂರಿಗೆ ಕರೆತಂದು ಐಸಿಯುಗೆ ಹಾಕಿದ್ದರು. ಹೊರಟುಬಿಡೋಣ ಅಂದರೆ ಅಲ್ಲಿ ವಾಸ ಮಾಡಲು ಬೇಕಾದ ನನ್ನ ಪರ್ಮಿಟ್ ಕಾರ್ಡಿನ ಅವಧಿ ಮುಗಿದಿತ್ತು. ಹೊಸದಕ್ಕೆ ಅರ್ಜಿ ಹಾಕಿದ್ದೆ, ಕಾರ್ಡ್ ಕೈಗೆ ಬಂದಿರಲಿಲ್ಲ. ಹೊರಗೆ ಹೋದರೆ ವಾಪಸ್ ಒಳಗೆ ಬಿಡುವ ಖಾತ್ರಿ ಇರಲಿಲ್ಲ. ಅಕ್ಕ ಅಳುತ್ತಿದ್ದಳು. ಆಸ್ಪತ್ರೆಯವರು "ಅಬ್ಸರ್ವೇಶನ್‌ನಲ್ಲಿ ಇಟ್ಟಿದ್ದೀವಿ" ಅನ್ನುವುದು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲವಂತೆ.

ಚೇಚಿ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಭಾವನಿಗೆ ಒಂದೇ ಮಾತು ಹೇಳಿದರು: "ಡ್ಯೂಟಿಯಲ್ಲಿರೋ ಸಿಸ್ಟರ್ ಹತ್ತಿರ ಹೋಗಿ. ಮಲಯಾಳಿ ಇದ್ದಾರಾ ಕೇಳಿ." ಬೆಂಗಳೂರಿನ ಐಸಿಯುನಲ್ಲಿ ಮಲಯಾಳಿ ಸಿಸ್ಟರ್ ಇರದೇ ಇರ್ತಾರಾ? ಇದ್ದರು. ಇಬ್ಬರೂ ಮಲಯಾಳಂನಲ್ಲಿ ಮಾತಾಡಿದರು. ಬಿಪಿ ಎಷ್ಟು, ಯಾವ ಡ್ರಿಪ್, ಕಣ್ಣು ಬಿಟ್ಟರಾ, ಕೈ ಹಿಸುಕಿದರೆ ಗೊತ್ತಾಗುತ್ತಾ. ಡಾಕ್ಟರ ಹತ್ತಿರ ಗಂಟೆಗಟ್ಟಲೆ ಸಿಗದ ಉತ್ತರ ಐದು ನಿಮಿಷದಲ್ಲಿ ಸಿಕ್ಕಿತು. ಫೋನ್ ಇಟ್ಟು ನನಗೆ ಹೇಳಿದರು: "ಈ ರಾತ್ರಿ ಕಷ್ಟ. ಬೆಳಗ್ಗೆವರೆಗೆ ಹೀಗೇ ಇದ್ದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಹೇಳಿದರೆ ಸುಳ್ಳಾಗುತ್ತೆ ಮೋಳೆ (ಮಗಳೇ)."

ಏನೂ ಆಗಲ್ಲ, ಧೈರ್ಯವಾಗಿರು ಅಂತ ಅವರು ಒಮ್ಮೆಯೂ ಹೇಳಲಿಲ್ಲ. ಅದಕ್ಕೆ ನಾನು ಅವರಿಗೆ ಎಷ್ಟು ಋಣಿ ಅಂತ ಬರೆಯಲು ಬರುತ್ತಿಲ್ಲ.

ಆಮೇಲೆ ಮಾಡಿದ್ದು ಇನ್ನೂ ವಿಚಿತ್ರ. ಕಾಫಿ ಮಾಡಿ ಟೇಬಲ್ ಮೇಲಿಟ್ಟು, ನನ್ನ ಥೀಸಿಸ್ ಪ್ರಿಂಟ್ ತಂದು ಮುಂದೆ ಹಾಕಿದರು. "ಓದು. ಗಟ್ಟಿಯಾಗಿ." ನಾನು ರೇಗಿಬಿಟ್ಟೆ. ಅಪ್ಪ ಸಾಯ್ತಾ ಇದ್ದಾರೆ, ನಿಮಗೆ ಸಿಐಎಸ್‌ಜಿಯ ಆರ್ಟಿಕಲ್ 35 ಬೇಕಾ ಅಂತ ಕಿರುಚಿದೆ. ಪಕ್ಕದ ಮನೆಯವರು ಗೋಡೆ ಬಡಿದರು. ಚೇಚಿ ಕುರ್ಚಿ ಎಳೆದುಕೊಂಡು ಕೂತರು. "ಬೇಕು. ಓದು" ಅಂದರು. ನೈಟ್ ಡ್ಯೂಟಿಯಲ್ಲಿ ರೋಗಿಯ ಕಡೆಯವರ ಕೈಗೆ ಏನಾದರೂ ಕೆಲಸ ಕೊಡಬೇಕು ಅನ್ನುವುದು ಅವರ ಅನುಭವವಂತೆ. ಅದನ್ನು ಹೇಳಿದ್ದು ಬಹಳ ದಿನ ಆದಮೇಲೆ.

ಓದಿದೆ. ಮಾರಿದ ಮಾಲು ಹೇಗಿರಬೇಕು ಅಂತ ಹೇಳುವ ಆ ಆರ್ಟಿಕಲ್ ಬಗ್ಗೆ ನನ್ನ ಥೀಸಿಸ್‌ನಲ್ಲಿ ಒಂದು ಹಳೆಯ ತೀರ್ಪು ಮುಖ್ಯ. ಸ್ವಿಟ್ಜರ್ಲೆಂಡಿನ ಒಬ್ಬ ವ್ಯಾಪಾರಿ ನ್ಯೂಜಿಲೆಂಡಿನ ಮಸೆಲ್ ಅನ್ನುವ ತಿನ್ನುವ ಚಿಪ್ಪುಮೀನುಗಳನ್ನು ಜರ್ಮನಿಯವರಿಗೆ ಮಾರಿದ. ಅದರಲ್ಲಿ ಕ್ಯಾಡ್ಮಿಯಂ ಅನ್ನುವ ವಿಷಲೋಹ ಅಲ್ಲಿನ ಆರೋಗ್ಯ ಇಲಾಖೆ ಸೂಚಿಸಿದ ಮಟ್ಟಕ್ಕಿಂತ ಜಾಸ್ತಿ ಇತ್ತು. 1995ರಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ಮಾರಿದವನ ಪರ ನಿಂತಿತು. ಕೊಳ್ಳುವವನ ದೇಶದ ನಿಯಮಗಳನ್ನೆಲ್ಲ ಮಾರುವವನು ತಿಳಿದಿರಬೇಕಾಗಿಲ್ಲ. ಅದೇ ನಿಯಮ ಮಾರುವವನ ದೇಶದಲ್ಲೂ ಇದ್ದರೆ, ಕೊಳ್ಳುವವನು ಮೊದಲೇ ತಿಳಿಸಿದ್ದರೆ, ಅಥವಾ ತಿಳಿದಿರಲೇಬೇಕಾದ ವಿಶೇಷ ಸಂದರ್ಭ ಇದ್ದರೆ ಮಾತ್ರ ಮಾರುವವನ ಹೊಣೆ. ಚೇಚಿಗೆ ಈ ತೀರ್ಪು ಹಿಡಿಸಲಿಲ್ಲ. ಕಣ್ಣೂರಿನವರು, ಕಲ್ಲುಮ್ಮಕ್ಕಾಯ, ಅಂದರೆ ಮಸೆಲ್, ತಿಂದು ಬೆಳೆದವರು. "ತಿನ್ನೋವನ ಹೊಟ್ಟೆ ಯಾವ ದೇಶದ್ದಾದರೇನು?" ಅಂತ ವಾದಕ್ಕೆ ನಿಂತರು. ನಾನೂ ಬಿಡಲಿಲ್ಲ. ಮಾಲು ಬಂದ ಕೂಡಲೇ ಪರೀಕ್ಷಿಸಬೇಕು, ದೋಷ ಕಂಡರೆ ತಕ್ಕ ಸಮಯದಲ್ಲಿ ತಿಳಿಸಬೇಕು, ಏನೇ ಆದರೂ ಎರಡು ವರ್ಷ ದಾಟಬಾರದು, ಇವೆಲ್ಲ ಕೊಳ್ಳುವವನ ಕರ್ತವ್ಯ ಅಂತ 38, 39ನೇ ಆರ್ಟಿಕಲ್ ವಿವರಿಸಿದೆ. ನಡುವೆ ಗಂಟೆಗೊಮ್ಮೆ ಭಾವನಿಗೆ ಫೋನ್.

ಮೂರು ಗಂಟೆ ಆಗಿರಬೇಕು. ಚೇಚಿ ಕೇಳಿದರು: "ಇಷ್ಟು ಹೊತ್ತು ಮಾರೋವನು, ಕೊಳ್ಳೋವನು ಅಂತೀಯ. ನಿನ್ನ ಅಪ್ಪ ಎಲ್ಲಿದ್ದಾರೆ ಇದರಲ್ಲಿ?"

ಎಲ್ಲೂ ಇರಲಿಲ್ಲ. ಆ ಒಪ್ಪಂದ ಹೇಳುವುದು ಮಾರುವವನ ಮತ್ತು ಕೊಳ್ಳುವವನ ಹಕ್ಕು, ಹೊಣೆಗಳನ್ನು ಮಾತ್ರ. ಬೆಳೆದವನು ಅದರಲ್ಲಿ ಪಾರ್ಟಿ ಅಲ್ಲ. ಅವನ ಮೇಲೆ ಪೆಟ್ಟು ಬೀಳುವುದು ಇಲ್ಲಿ ಕಂಪನಿಯ ಜೊತೆ ಮಾಡಿಕೊಂಡ ಬೇರೆ ಅಗ್ರಿಮೆಂಟಿನಿಂದ. ಅಲ್ಲಿ ವಿದೇಶದ ಗಿರಾಕಿ ಸೋತರೂ ಗೆದ್ದರೂ ರೈತನಿಗೆ ಗೊತ್ತೇ ಆಗುವುದಿಲ್ಲ. ಅಪ್ಪನಿಗೋಸ್ಕರ ಶುರು ಮಾಡಿದ ಓದಿನಲ್ಲಿ ಅಪ್ಪನಿಗೆ ಜಾಗವೇ ಇರಲಿಲ್ಲ. ಅವತ್ತು ನಾನು ಅತ್ತಿದ್ದು ಆಗಲೇ, ಮೊದಲ ಸಲ. ಚೇಚಿ ಎದ್ದು ಬಂದು ತಲೆ ಹಿಡಿದುಕೊಂಡರು. ಬೆಳಕು ಹರಿಯುವ ಮುಂಚೆ ಆ ಸಿಸ್ಟರ್ ತಾವೇ ಭಾವನಿಂದ ನಂಬರ್ ತೆಗೆದುಕೊಂಡು ಚೇಚಿಗೆ ಫೋನ್ ಮಾಡಿದರು. ಅಪ್ಪ ಕಣ್ಣು ಬಿಟ್ಟು ಅಮ್ಮನ ಹೆಸರು ಹೇಳಿದ್ದರು.

ಕೊನೆಯ ಅಧ್ಯಾಯ, ರೈತನ ಅಗ್ರಿಮೆಂಟ್ ಬಗ್ಗೆ ಇರುವುದು, ಆ ರಾತ್ರಿಯ ಪ್ರಶ್ನೆಯಿಂದ ಬಂದದ್ದು. ಗೈಡ್ ಅತಿ ಹೆಚ್ಚು ಮೆಚ್ಚಿದ್ದೂ ಅದನ್ನೇ.

ಆ ಗೈಡ್ ಮೇಡಂಗೆ, ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ತಂಡದ ಗೆಳೆಯರಿಗೆ, ಡಾನ್ಯೂಬ್ ನದಿಯಾಚೆ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಅನ್ಸಿಟ್ರಾಲ್‌ನ ಲೈಬ್ರರಿಯಲ್ಲಿ ಹಳೆಯ ತೀರ್ಪುಗಳನ್ನು ಹುಡುಕಿಕೊಟ್ಟವರಿಗೆ, ಶಿಕ್ಷಣ ಸಾಲದ ಫೈಲನ್ನು ತಾವೇ ಓಡಾಡಿ ಮುಗಿಸಿಕೊಟ್ಟ ಮ್ಯಾನೇಜರ್‌ಗೆ, ನನ್ನ ಕೇಸುಗಳಿಗೆ ಡೇಟ್ ತೆಗೆದುಕೊಂಡು ಕಾಪಾಡಿದ ತುಮಕೂರಿನ ಸೀನಿಯರ್‌ಗೆ, ಎಲ್ಲರಿಗೂ ಥ್ಯಾಂಕ್ಸ್. ಆ ಐಸಿಯು ಸಿಸ್ಟರ್‌ಗೂ. ಅವರ ಮುಖ ನಾನು ನೋಡಿಲ್ಲ.

ಅಕ್ಕಾ, ಭಾವ, ನಿಮ್ಮ ಬಗ್ಗೆ ಇಲ್ಲಿ ಬರೆದರೆ "ಊರಿಗೆಲ್ಲ ಯಾಕೆ ಡಂಗುರ" ಅಂತ ಬೈತೀರ. ಮನೆಗೆ ಬಂದು ಬೈಸಿಕೊಳ್ತೀನಿ.

ಬರುವ ತಿಂಗಳಿಂದ ಮತ್ತೆ ತುಮಕೂರಿನಲ್ಲೇ ಇರುತ್ತೇನೆ. ಮಿಡಿಸೌತೆ ಬೆಳೆಯುವವರು, ಬೆಳೆಯುವವರ ಪರಿಚಯ ಇರುವವರು, ಕಂಪನಿ ಕೊಟ್ಟ ಅಗ್ರಿಮೆಂಟ್ ಸಹಿಗೆ ಮುಂಚೆ ಒಮ್ಮೆ ನನಗೆ ತೋರಿಸಿ. ಮಾಲು ರಿಜೆಕ್ಟ್ ಆದರೆ ಟೆಸ್ಟ್ ರಿಪೋರ್ಟಿನ ಕಾಪಿ ಕೊಡುತ್ತೇವೆ ಅಂತ ಅದರಲ್ಲಿ ಬರೆಸೋಣ. ಓದಿ ಹೇಳುವುದಕ್ಕೆ ಫೀಸ್ ಇಲ್ಲ. ಭಾನುವಾರ ಬಂದರೆ ಅಪ್ಪನೂ ಸಿಗುತ್ತಾರೆ, ಆದರೆ ಅವರ ಕೈಗೆ ಸಿಕ್ಕರೆ ಊಟ ಮಾಡದೆ ಹೋಗುವ ಹಾಗಿಲ್ಲ.