ಬಚ್ಚಿಡೋಕೇನೂ ಇರ್ಲಿಲ್ಲ ಅಂದ್ರೆ ಗೇಟ್ ಯಾಕೆ ಹಾಕಿದ್ರು?

ಸಂಪಾದಕರೇ,

ಇರಾಕ್ ಯುದ್ಧದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದ್ದೆ. ಇರಾಕ್ ಭಾರೀ ಅಸ್ತ್ರ ಬಚ್ಚಿಟ್ಟಿದೆ ಅಂತ 2003ರಲ್ಲಿ ಅಮೆರಿಕ ಸುಳ್ಳು ನೆಪ ಹೇಳ್ಕೊಂಡು ನುಗ್ಗಿತು ಅನ್ನೋದಕ್ಕೆ ನನ್ನ ತಕರಾರೇನೂ ಇಲ್ಲ. ಆದ್ರೆ "ಸದ್ದಾಂ ಸರ್ಕಾರ ಇನ್‌ಸ್ಪೆಕ್ಟರ್‌ಗಳಿಗೆ ಪೂರ್ತಿ ಸಹಕಾರ ಕೊಟ್ಟಿತ್ತು" ಅಂತ ಒಂದು ಸಾಲು ಬರ್ದಿದ್ದಾರಲ್ಲ, ಅದು ಸರಿಯಲ್ಲ. (ಇನ್‌ಸ್ಪೆಕ್ಟರ್‌ಗಳು ಅಂದ್ರೆ ಇರಾಕ್‌ನ ಅಸ್ತ್ರಗಳನ್ನ ಪರಿಶೀಲಿಸೋಕೆ ವಿಶ್ವಸಂಸ್ಥೆ ಕಡೆಯಿಂದ ಹೋದವ್ರು.)

ಕುವೈತ್ ಯುದ್ಧದಲ್ಲಿ ಇರಾಕ್ ಸೋತ ಮೇಲೆ, 1991ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 687ನೇ ನಿರ್ಣಯ ಬಂತು, 15 ದಿನದಲ್ಲಿ ನಿಮ್ಮತ್ರ ಇರೋ ರಾಸಾಯನಿಕ, ಜೈವಿಕ ಅಸ್ತ್ರ, ದೂರದ ಕ್ಷಿಪಣಿ ಎಲ್ಲಾ ಲೆಕ್ಕ ಕೊಡಿ, ನಮ್ಮ ಕಣ್ಣೆದುರೇ ನಾಶ ಆಗ್ಬೇಕು ಅಂತ. ಅದೇ ಜೂನ್‌ನಲ್ಲಿ ಫಲ್ಲೂಜಾ ಹತ್ರ ಇನ್‌ಸ್ಪೆಕ್ಟರ್‌ಗಳು ಬಾಗಿಲಲ್ಲಿ ನಿಂತಿದ್ರೆ ಇನ್ನೊಂದು ಕಡೆಯಿಂದ ಯುರೇನಿಯಂ ಸಂವರ್ಧನೆ (ಅಣುಬಾಂಬಿಗೆ ಬೇಕಾದ ಹಾಗೆ ಯುರೇನಿಯಂ ಹದ ಮಾಡೋ) ಸಾಮಾನು ತುಂಬಿದ ಲಾರಿಗಳು ಸಾಲಾಗಿ ಹೊರಟವು, ಬೆನ್ನು ಹತ್ತಿ ಫೋಟೋ ತೆಗೆದವ್ರನ್ನ ಹೆದರ್ಸೋಕೆ ಸೈನಿಕ್ರು ಗಾಳಿಯಲ್ಲಿ ಗುಂಡು ಹಾರ್ಸಿದ್ರು. ಸೆಪ್ಟೆಂಬರ್‌ನಲ್ಲಿ ಬಾಗ್ದಾದ್‌ನ ಒಂದು ಪಾರ್ಕಿಂಗ್ ಜಾಗದಲ್ಲಿ 44 ಜನ ಇನ್‌ಸ್ಪೆಕ್ಟರ್‌ಗಳನ್ನ ನಾಲ್ಕು ದಿನ ತಡೆದಿಟ್ರು, ಯಾಕಂದ್ರೆ ಅವ್ರ ಕೈಗೆ ಅಣ್ವಸ್ತ್ರ ಯೋಜನೆಯ ಫೈಲುಗಳು ಸಿಕ್ಕಿದ್ವು, ವಾಪಸ್ ಕೊಟ್ಟು ಹೋಗಿ ಅಂತ ಹಟ. ರಾತ್ರಿನೂ ಅಲ್ಲೇ ಬಸ್ಸಲ್ಲಿ. ಇದಕ್ಕೆ ಸಹಕಾರ ಅಂತ ಹೆಸ್ರಿಡೋದಾದ್ರೆ ಅಸಹಕಾರ ಯಾವುದಪ್ಪಾ!

ಅಲ್ ಹಕಮ್ ಫ್ಯಾಕ್ಟರಿ ಕತೆ ಇನ್ನೂ ಮಜಾ. ಪಶು ಆಹಾರ ಮಾಡ್ತೀವಿ ಅಂತ ವರ್ಷಗಟ್ಲೆ ಹೇಳ್ಕೊಂಡು ಬಂದ್ರು, ಕಡೆಗೆ 1995ರಲ್ಲಿ, ಇನ್‌ಸ್ಪೆಕ್ಟರ್‌ಗಳು ಬಿಡದೆ ಲೆಕ್ಕ ಕೇಳಿದ ಮೇಲೆ, ಅದ್ರ ಹಿಂದೆನೇ ಸದ್ದಾಂ ಅಳಿಯ ಹುಸೇನ್ ಕಾಮೆಲ್ ಜೋರ್ಡಾನ್‌ಗೆ ಓಡಿಹೋದ ಮೇಲೆ, ಅಲ್ಲಿ ಅಸ್ತ್ರಕ್ಕೆ ಬಳಸೋ ಆಂಥ್ರಾಕ್ಸ್ ರೋಗಾಣು ತಯಾರಾಗ್ತಿತ್ತು ಅಂತ ಒಂದೊಂದಾಗಿ ಬಾಯಿ ಬಿಟ್ರು. ಆಮೇಲೆ ಯಾರು ನಂಬ್ತಾರೆ ಹೇಳಿ?

ನಿಜವಾದ ವಿಪರ್ಯಾಸ ಬೇರೇನೇ ಇದೆ, ಲೇಖನದಲ್ಲಿ ಅದು ಬಂದೇ ಇಲ್ಲ. ಹೆಚ್ಚಿನ ಅಸ್ತ್ರಗಳನ್ನ ಸದ್ದಾಂ ಸರ್ಕಾರದವ್ರು 1991ರ ಬೇಸಿಗೆಯಲ್ಲೇ ಗುಟ್ಟಾಗಿ ನಾಶ ಮಾಡಿಬಿಟ್ಟಿದ್ರು, ಸಾಕ್ಷಿಗೆ ಒಬ್ಬ ಇನ್‌ಸ್ಪೆಕ್ಟರನ್ನೂ ಕರೀದೆ, ಸರಿಯಾದ ದಾಖಲೆನೂ ಇಡದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇಲ್ಲಿ ಕುಂಬಳಕಾಯಿ ಎಸೆದಾಗಿತ್ತು, ಹೆಗಲು ಮುಟ್ಕೊಳ್ಳೋದು ಮಾತ್ರ ಬಿಡ್ಲಿಲ್ಲ. 2002ರ ಡಿಸೆಂಬರ್‌ನಲ್ಲಿ ತಮ್ಮ ಅಸ್ತ್ರಗಳ ಲೆಕ್ಕದ ಸುಮಾರು 12,000 ಪುಟದ ಘೋಷಣೆ ಕೊಟ್ರು, ಅದ್ರಲ್ಲಿ ಬಹುಪಾಲು ಹಳೇದೇ. 2003ರಲ್ಲಿ ನೆತ್ತಿ ಮೇಲೆ ಯುದ್ಧ ಬಂದು ನಿಂತಾಗ ಹಿಂದೆ ಬಾಂಬ್ ನಾಶ ಮಾಡಿದ್ದ ಅಲ್ ಅಜೀಜಿಯಾದಲ್ಲಿ ಮಣ್ಣು ಅಗೆದು ಹಳೇ ಬಾಂಬಿನ ಚೂರುಗಳನ್ನ ಎತ್ತಿ ತೋರ್ಸಿದ್ರು, ಆಂಥ್ರಾಕ್ಸ್ ಸುರಿದ ಜಾಗದ ಮಣ್ಣು ಟೆಸ್ಟ್ ಮಾಡಿ ಎಷ್ಟು ಸುರಿದಿದ್ವಿ ಅಂತ ಲೆಕ್ಕ ಕೊಡ್ತೀವಿ ಅಂದ್ರು. ಹನ್ನೆರಡು ವರ್ಷ ಆದ್ಮೇಲೆ! ಅಷ್ಟೂ ವರ್ಷ ವಿಶ್ವಸಂಸ್ಥೆ ಹೇರಿದ್ದ ವ್ಯಾಪಾರ ನಿರ್ಬಂಧದಲ್ಲಿ ನರಳಿದ್ದು ಸದ್ದಾಂ ಅರಮನೆ ಅಲ್ಲ, ಔಷಧಿ ಸಿಗದ ಆಸ್ಪತ್ರೆಗಳು.

ದಕ್ಷಿಣ ಆಫ್ರಿಕಾ ನೋಡಿ. ಆರು ಅಣುಬಾಂಬ್ ಮಾಡಿಟ್ಟಿದ್ರು, ಬಿಚ್ಚಿಹಾಕಿದ್ರು, 1993ರಲ್ಲಿ ಅಲ್ಲಿನ ಅಧ್ಯಕ್ಷ ಡಿ ಕ್ಲರ್ಕ್ ಬಹಿರಂಗವಾಗಿ ಹೇಳಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ಎಲ್ಲಾ ತೆರೆದು ತೋರ್ಸಿದ್ರು. ಅವ್ರೂ ಮೊದ್ಲು ಗುಟ್ಟಾಗೇ ಬಿಚ್ಚಿದ್ದು, ಆದ್ರೆ ದಾಖಲೆ, ಜಾಗ, ಜನ ಎಲ್ಲಾ ಮುಂದಿಟ್ರು, ಮುಗೀತು.

ಹಾಗಂತ ಅಮೆರಿಕದ ಅವಸರ ಸರಿ ಅಂತಲ್ಲ. 2003ರ ಮಾರ್ಚ್ ಹೊತ್ತಿಗೆ ಇರಾಕ್‌ನವ್ರು ತಮ್ಮ ಅಲ್ ಸಮೂದ್ ಕ್ಷಿಪಣಿಗಳನ್ನ ಒಂದೊಂದಾಗಿ ಪುಡಿ ಮಾಡ್ತಿದ್ರು, ಇನ್‌ಸ್ಪೆಕ್ಟರ್‌ಗಳ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಇನ್ನು ಕೆಲವು ತಿಂಗಳು ಬೇಕು ಅಂದಿದ್ರು, ಕೊಡ್ಲಿಲ್ಲ, 20ಕ್ಕೆ ಬಾಂಬ್ ಬಿತ್ತು. ಆ ಬೈಗುಳ ಬುಶ್‌ಗೆ ಸಲ್ಲಲಿ, ನೀವು ಆ ಒಂದು ಸಾಲು ಮಾತ್ರ ತಿದ್ದಿ.

ಇಂತಿ,
ನಿಮ್ಮ ಹಳೇ ಓದುಗ