ಅಂಗನವಾಡಿಯವರಿಗೆ, ಒಂದನೇ ತರಗತಿಯವರಿಂದ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಐಸಿಡಿಎಸ್‌ಗೆ, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ, ಐವತ್ತು ವರ್ಷ ತುಂಬಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಅದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ್ದು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ. ಆ ನಲಿ-ಕಲಿ ಕೊಠಡಿಗಳಲ್ಲಿ ನೀವು ಕಳಿಸಿದ ಮಕ್ಕಳನ್ನು ಕೂರಿಸಿಕೊಳ್ಳುವ ನಾವು ನಿಮಗೆ ಥ್ಯಾಂಕ್ಸ್ ಹೇಳುವುದು ಬಾಕಿ ಉಳಿದಿತ್ತು.

ಮೊದಲಿಗೆ, ಬರೆಸದೇ ಇದ್ದದ್ದಕ್ಕೆ. "ಪಕ್ಕದ ಮನೆ ಮಗು ಎಬಿಸಿಡಿ ಬರೆಯುತ್ತೆ, ನಮ್ಮದಕ್ಕೆ ಇನ್ನೂ ಅಆಇಈ ಬಂದಿಲ್ವಲ್ಲ ಮಿಸ್" ಅನ್ನುವ ಮಾತು ನಿಮ್ಮ ಬಾಗಿಲಲ್ಲಿ ದಿನಾ ಬೀಳುತ್ತದೆ. ಮೂರೂವರೆ ವರ್ಷಕ್ಕೆ ಮಣಿಕಟ್ಟಿನ ಮೂಳೆ ಇನ್ನೂ ಬಲಿತಿರುವುದಿಲ್ಲ. ಆಗ ಪೆನ್ಸಿಲ್ ಕೊಟ್ಟರೆ ಮಗು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನೇ ಎಳೆಯುತ್ತದೆ. ರೂಢಿಯಾದ ಆ ಹಿಡಿತ ಬಿಡಿಸಲು ನಮಗೆ ತಿಂಗಳುಗಟ್ಟಲೆ ಬೇಕು. ನೀವು ಪೆನ್ಸಿಲ್ ಬದಲು ಜೇಡಿಮಣ್ಣು ಕೊಟ್ಟಿರಿ, ಮಣಿ ಪೋಣಿಸಲು ಹೇಳಿದಿರಿ, ತಟ್ಟೆಯಲ್ಲಿ ಮರಳು ಹರಡಿದಿರಿ. ಮರಳು ಒಣಗಿದ್ದರೆ ಗೆರೆ ಮುಚ್ಚಿಕೊಳ್ಳುತ್ತದೆ, ನೀರು ಹೆಚ್ಚಾದರೆ ಬೆರಳಿಗೆ ಮೆತ್ತುತ್ತದೆ, ಚಿಮುಕಿಸಿದಷ್ಟೇ ಸರಿ. ನಲಿ-ಕಲಿಯ ಮೊದಲ ಅಕ್ಷರಗಳು ರ, ಗ, ಸ, ದ, ಅ. ಎಲ್ಲವೂ ಸುತ್ತು. ಮರಳಿನಲ್ಲಿ ಸೊನ್ನೆ ಸುತ್ತಿ ಬಂದ ಬೆರಳು 'ರ' ತಿರುವಿನಲ್ಲಿ ಎಡವುವುದಿಲ್ಲ.

ಹುಣಸೆ ಬೀಜಕ್ಕೂ ಒಂದು ಥ್ಯಾಂಕ್ಸ್. ನೂರರವರೆಗೆ ಪಟಪಟ ಹೇಳುವ ಮಗು, ಏಳು ಬೀಜ ಎಣಿಸು ಅಂದರೆ ಎಂಟು ಅನ್ನುತ್ತದೆ, ಬೆರಳಿಗಿಂತ ಬಾಯಿ ಮುಂದೆ ಓಡುವುದರಿಂದ. ಎಣಿಸಿದ ಬೀಜವನ್ನು ಪಕ್ಕಕ್ಕೆ ಸರಿಸುವುದನ್ನು ಕಲಿಸಿ ಕಳಿಸಿದ್ದೀರಿ. ಮೂರರಿಂದ ಆರರವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿರುವಾಗ ಇದು ಸಲೀಸಲ್ಲ. ಚಿಕ್ಕದು ಬೀಜವನ್ನು ಮೂಗಿಗೆ ತೂರಿಸಿಕೊಳ್ಳುತ್ತದೆ. ಅವಕ್ಕೆ ದೊಡ್ಡ ಮುಚ್ಚಳ, ಐದು ದಾಟಿದವಕ್ಕೆ ಬೀಜ ಎಂದು ಬೇರೆ ಬೇರೆ ಡಬ್ಬ ಇಟ್ಟವರಿಗೆ ನಮಸ್ಕಾರ.

ಪದ ಬಿಡಿಸಿ ತಟ್ಟಿಸಿದ ಚಪ್ಪಾಳೆಯನ್ನಂತೂ ಮರೆಯುವ ಹಾಗಿಲ್ಲ. ಅ-ವ-ರೆ-ಕಾ-ಯಿ, ಐದು ಏಟು. ಅ-ಮ್ಮ, ಎರಡೇ. ಮುಂದೆ ಒತ್ತಕ್ಷರ ಎದುರಾದಾಗ ನಮ್ಮ ಕೈ ಹಿಡಿಯುವುದು ಹೀಗೆ ಪಳಗಿದ ಕಿವಿ.

ಸಹಾಯಕಿಯರ ಕೆಲಸ ಯಾವ ವರದಿಯಲ್ಲೂ 'ಶಿಕ್ಷಣ' ಅನ್ನಿಸಿಕೊಳ್ಳುವುದಿಲ್ಲ, ಅದು ನಮಗೆ ಸರಿ ಕಾಣುವುದಿಲ್ಲ. ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವಿಗೆ 150 ಮಿಲಿ ಲೀಟರ್. ಇಪ್ಪತ್ತು ಮಕ್ಕಳಿಗೆ ಮೂರು ಲೀಟರ್. ಕುದಿಯುವ ನೀರಿಗೆ ನೇರವಾಗಿ ಹಾಲಿನ ಪುಡಿ ಸುರಿದರೆ ಗಂಟುಗಂಟು. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಆಮೇಲೆ ಬೆರೆಸಬೇಕು. ಆ ಹಾಲಿಗಾಗಿ ಕೈ ತೊಳೆದು, ಸಾಲಲ್ಲಿ ನಿಂತು, ತನ್ನ ಸರದಿ ಬರುವ ತನಕ ಕಾಯುವುದನ್ನು ಕಲಿತ ಮಗು ಒಂದನೇ ತರಗತಿಯ ಗುಂಪಿನಲ್ಲಿ ತಟ್ಟೆಗಾಗಿ ಕಿತ್ತಾಡುವುದಿಲ್ಲ.

ಇಷ್ಟೆಲ್ಲವನ್ನೂ ನೀವು ಮಾಡಿದ್ದು ಮೊಬೈಲ್‌ನಲ್ಲಿ ವಿವರ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್, ತೂಕ, ಮನೆ ಭೇಟಿ, ಸರ್ವೆ, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸದ ನಡುವೆ. ಮೊಬೈಲ್‌ಗೆ ಹೋದ ಗಂಟೆ ಆಟದ ಗಂಟೆಯಿಂದಲೇ ಕಡಿತ ಅನ್ನುವುದು ಮೇಲಿನವರಿಗೆ ಹೊಳೆಯಬೇಕಿತ್ತು.

ಒಂದನೇ ತರಗತಿಯ ಶುರುವಿನಲ್ಲಿ ಮಕ್ಕಳನ್ನು ಶಾಲೆಗೆ ಒಗ್ಗಿಸುವ 12 ವಾರಗಳ ವಿದ್ಯಾಪ್ರವೇಶ ಹಗುರಾಗುವುದು ಮಕ್ಕಳನ್ನು ಮಾರ್ಚ್‌ನಲ್ಲೇ ಒಂದೆರಡು ಸಲ ಶಾಲೆಗೆ ಕರೆತಂದವರ ದೆಸೆಯಿಂದ. ನಲ್ಲಿ ತೋರಿಸಿದಿರಿ, ಶೌಚಾಲಯದ ಚಿಲಕ ಹಾಕಿ ತೆಗೆಯುವುದನ್ನು ಹೇಳಿಕೊಟ್ಟಿರಿ. ಜೂನ್‌ನಲ್ಲಿ ಒದ್ದೆ ಚಡ್ಡಿಗೆ ನಾಚಿ ಅಳುವ ಮಕ್ಕಳು ಅದರಿಂದಲೇ ಕಡಿಮೆ.